ಎರಡನೆಯ ಲೋಟ

ರಕ್ತದ ವರದಿ ನೋಡಿ ಡಾಕ್ಟರು, "ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ಮೈಯೊಳಗೆ ಉರಿಯೂತ ಸಾಮಾನ್ಯ. ಇವರಿಗೆ ಜಾಸ್ತಿನೇ ಇದೆ. ಮೀನೆಣ್ಣೆ ಕ್ಯಾಪ್ಸೂಲ್ ಕೊಟ್ಟು ನೋಡೋಣ, ಕೆಲವರಿಗೆ ಇಳಿಯುತ್ತೆ" ಎಂದರು. ನನ್ನ ಗಂಡ ವಸಿಷ್ಠ ಆಗ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಈರುಳ್ಳಿಯನ್ನೂ ಮುಟ್ಟದ ಮನುಷ್ಯ. ಮನೆಗೆ ಬಂದವಳೇ ಕ್ಯಾಪ್ಸೂಲುಗಳನ್ನು ಹಳೆಯ ವಿಟಮಿನ್ ಡಬ್ಬಿಗೆ ಸುರಿದೆ. "ಊತಕ್ಕೆ" ಎಂದಷ್ಟೇ ಹೇಳಿದೆ.

"ಒಳ್ಳೆ ತುಪ್ಪದ ಬಣ್ಣ ಕಣೇ" ಎನ್ನುತ್ತ ನುಂಗಿದರು.

ಎರಡು ತಿಂಗಳಲ್ಲಿ ಉರಿಯೂತದ ಅಂಕಿ ಮೂವತ್ತೆರಡರಿಂದ ಒಂಬತ್ತಕ್ಕೆ ಇಳಿಯಿತು. ತೂಕ ಮಾತ್ರ ಏರತೊಡಗಿತು. ಅವರಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅಷ್ಟೇ. ಅದನ್ನು ಅಳೆದು ಕೊಡುವವಳು ನಾನೇ.

"ಆಂಟಿ, ಅಂಕಲ್ ಕದ್ದು ಕುಡೀತಿದಾರೆ" ಎಂದಳು ಡಯಾಲಿಸಿಸ್ ಕೇಂದ್ರದ ನರ್ಸ್ ಯಶಶ್ರೀ. "ಎರಡು ದಿನಕ್ಕೆ ನಾಲ್ಕು ಕೆಜಿ! ನೀರಿನ ಸಂಪ್‌ಗೆ ಬೀಗ ಹಾಕಿ."

"ಚಾಮರಾಜಪೇಟೆಗೆ ಕಾವೇರಿ ಬರೋದೇ ದಿನ ಬಿಟ್ಟು ದಿನ. ಕದಿಯೋಕೆ ನೀರೆಲ್ಲಿದೆಯಮ್ಮ?" ಎಂದು ಇವರು ನಕ್ಕರು.

ಅವಳು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಹೀಗೇ ಆದ್ರೆ ಶ್ವಾಸಕೋಶಕ್ಕೆ ನೀರು ತುಂಬ್ಕೊಳ್ಳುತ್ತೆ ಆಂಟಿ. ಹಾರ್ಟ್ ತಡೆಯಲ್ಲ" ಎಂದಳು.

ಮರುದಿನ ಅಡುಗೆಮನೆಗೆ ಬೀಗ ಹಾಕಿದೆ. ಬಚ್ಚಲಿನ ನಲ್ಲಿಯ ತಿರುಪನ್ನು ಬಿಚ್ಚಿ ಸೆರಗಿಗೆ ಕಟ್ಟಿಕೊಂಡೆ. ಮಧ್ಯಾಹ್ನ ಅವರು ಮಲಗಿದಾಗ ಮಂಚದ ಪಕ್ಕ ಕೂತೆ. ಅಂಗಾತ ಮಲಗಿದ್ದರು, ತುಟಿ ಮುಚ್ಚಿತ್ತು. ಗಂಟಲು ಮಾತ್ರ ಏರಿ ಇಳಿಯುತ್ತಿತ್ತು. ಗಟಗಟ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಬಾಯಿಯ ಅಂಚು ಒದ್ದೆಯಾಗಿತ್ತು. ಮುಟ್ಟಿದೆ. ಬಾವಿಯ ನೀರಿನಷ್ಟು ತಣ್ಣಗಿತ್ತು. ಬೆರಳು ಮೂಸಿದೆ. ಚಿಕ್ಕವಳಿದ್ದಾಗ ಮೀನು ಮಾರ್ಕೆಟ್ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆನಲ್ಲ, ಅದೇ ವಾಸನೆ.

"ರೀ, ಏಳ್ರೀ. ಆ ಕ್ಯಾಪ್ಸೂಲು ಮೀನೆಣ್ಣೆ. ನಿಮಗೆ ಹೇಳ್ಲಿಲ್ಲ. ತಪ್ಪಾಯ್ತು."

ಅವರು ಕಣ್ಣು ತೆರೆಯಲಿಲ್ಲ. "ಗೊತ್ತು ಕಣೇ. ಮೊದಲ್ನೇ ದಿನಾನೇ ತೇಗು ಬಂತಲ್ಲ." ಬಾಯಿಯ ಅಂಚನ್ನು ಕೈಯಿಂದ ಒರೆಸಿಕೊಂಡರು. "ಬಾಯಾರಿಕೆ ನನಗಲ್ಲ."

"ಮತ್ಯಾರಿಗೆ?"

ಅವರು ಎದ್ದು ಕೂತು ಅಂಗೈ ಚಾಚಿದರು. "ಇವತ್ತಿನ ಕ್ಯಾಪ್ಸೂಲು ಕೊಡು. ನಾನು ಬದುಕ್ಬೇಕು."

ಕೊಟ್ಟೆ. ಆಮೇಲೆ, ಏನು ತೋಚಿತೋ, ಒಂದು ಲೋಟ ತುಂಬ ನೀರು ತಂದು ಮಂಚದ ಕೆಳಗಿಟ್ಟೆ. ಅವರನ್ನು ನಡುಮನೆಗೆ ಕರೆತಂದು ಕೋಣೆಗೆ ಬೀಗ ಹಾಕಿದೆ. ಸಂಜೆಯವರೆಗೂ ಅವರು ನನ್ನ ಕಣ್ಣೆದುರೇ ಇದ್ದರು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದರೆ ಲೋಟ ಖಾಲಿ. ನೆಲ ಒಣಗಿತ್ತು.

ಶನಿವಾರ ಯಶಶ್ರೀ ಅವರನ್ನು ಎರಡು ಸಲ ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಒಂದೇ ಕೆಜಿ ಏರಿತ್ತು. "ಅಂತೂ ಅಂಕಲ್ ಒಳ್ಳೆಯವರಾದ್ರು!" ಎಂದಳು. ಇವರು ನನ್ನತ್ತ ನೋಡಲಿಲ್ಲ.

ಈಗ ದಿನವೂ ಬೆಳಗ್ಗೆ ಎರಡು ಪಾಲು ನೀರು ಅಳೆಯುತ್ತೇನೆ. ಅವರ ಪಾಲು ಹೆಚ್ಚಿಲ್ಲ. ಮಂಚದ ಕೆಳಗಿನ ಪಾಲಿಗೆ ಮಾತ್ರ ಕಳೆದ ವಾರದಿಂದ ಲೋಟ ಸಾಲುತ್ತಿಲ್ಲ. ಕೊಡ ಇಡುತ್ತಿದ್ದೇನೆ.