ಕೆಂಪು ಕಾರಿನ ನಾಲ್ಕನೇ ಸೋರಿಕೆ

ಗ್ಲೆನಿಸ್ ಓಕ್‌ಫರ್ಡ್ ಅವರ ಕೆಂಪು ಕಾರು ನಾಲ್ಕನೇ ಸಲ ಎಣ್ಣೆ ಸೋರಿಸಿಕೊಂಡು ನಮ್ಮ ವರ್ಕ್‌ಶಾಪಿಗೆ ಬಂದದ್ದು ಒಂದು ಸೋಮವಾರ ಬೆಳಗ್ಗೆ. ಹಿಂದಿನ ಮೂರು ಸಲವೂ ಅದನ್ನು ರಿಪೇರಿ ಮಾಡಿದವನು ನಾನೇ. ಮೂರು ಸಲ ಎಂಜಿನ್ ಕೆಳಗಿಳಿಸಿದ್ದೇನೆ, ಮೂರು ಸಲ ಎಣ್ಣೆ ತಡೆಯುವ ಹಿಂಬದಿಯ ರಬ್ಬರ್ ಸೀಲು ಬದಲಿಸಿದ್ದೇನೆ, ಮೂರು ಸಲ ವಾರಂಟಿ ಹಾಳೆಯ ಮೇಲೆ ಲಿಂಡ್ಸೆ ಪರ್ಡನ್ ಎಂದು ರುಜು ಹಾಕಿದ್ದೇನೆ. ಎರಡು ತಿಂಗಳು ಕಳೆಯುವುದರೊಳಗೆ ಅದೇ ಜಾಗದಿಂದ ಅದೇ ತೊಟ್ಟು. ಸೀಲು ಸವೆದಿದ್ದರೆ ಸೀಲು ಬದಲಿಸಿ ಎಂದು ಕಾರು ಕಂಪನಿಯ ಹಾಳೆ ಹೇಳುತ್ತದೆ, ನಾನು ಹಾಳೆ ಹೇಳಿದ್ದನ್ನು ಮಾಡಿದೆ.

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ನಮ್ಮ ಊರು ಲಾನ್ಸೆಸ್ಟನ್ನಿನಲ್ಲಿ ಆ ಕಂಪನಿಯ ಕಾರು ಮುಟ್ಟುವ ವರ್ಕ್‌ಶಾಪು ನಮ್ಮದೊಂದೇ. ನಾನು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ನಮ್ಮಲ್ಲಿ ಕಾರು ಬಿಡಲು ಬಂದವರು ಒಂದು ಚೀಟಿ ತುಂಬಬೇಕು. ಅದರಲ್ಲಿ ‘ಯಾರು ನೋಡಬೇಕು’ ಎಂದು ಒಂದು ಸಾಲಿದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ಗ್ಲೆನಿಸ್ ಹನ್ನೊಂದು ವರ್ಷದಿಂದ, ತಮ್ಮ ಹಳೆಯ ಪುಟ್ಟ ಕಾರಿನ ಕಾಲದಿಂದಲೂ, ಅಲ್ಲಿ ‘ಲಿಂಡ್ಸೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾ ಬಂದವರು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ನಿವೃತ್ತಿಯಾದ ದಿನವೇ ಮನೆಯ ಹಿಂದೆ ನಿಂತಿದ್ದ ಕ್ಯಾರವಾನ್ ಮಾರಿ, ಎರಡೇ ಸೀಟಿನ ಈ ಕೆಂಪು ಕಾರು ಕೊಂಡರು. ಐವತ್ತು ಮಕ್ಕಳನ್ನು ಕೂರಿಸಿಕೊಂಡಿದ್ದು ಸಾಕು, ಇನ್ನು ಪಕ್ಕದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕೂರುವ ಗಾಡಿ ಬೇಡ ಎಂದಿದ್ದರು. ಆ ಸಾಲಿನಲ್ಲಿ ನನ್ನ ಹೆಸರು ಬರೆಯುವವರು ಅವರೊಬ್ಬರೇ ಉಳಿದಿದ್ದರು. ಹಾಗೆ ಬರೆಯುತ್ತಿದ್ದ ಉಳಿದವರೆಲ್ಲ ಒಬ್ಬೊಬ್ಬರಾಗಿ ನೈರಿಯ ಹೆಸರು ಬರೆಯತೊಡಗಿದ್ದರು.

ನೈರಿ ತಮಿಹಾನಾ ನ್ಯೂಜಿಲೆಂಡಿನಿಂದ ಬಂದು ಒಂಬತ್ತು ತಿಂಗಳಾಗಿತ್ತು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನದ ಮೂವತ್ತಮೂರರ ಹೆಣ್ಣು, ಹಸು ಸಾಕುವವರ ಮನೆಯವಳು. ಕಾರು ಮೇಲೆತ್ತುವ ಹಾಯಿಸ್ಟುಗಳಲ್ಲಿ ನನ್ನ ಪಕ್ಕದ ಎರಡನೆಯದು ಅವಳದು. ಕೆಲಸ ಮಾಡುವಾಗ ಗುನುಗುತ್ತಾಳೆ. ಅವಳ ಸಲಕರಣೆ ಪೆಟ್ಟಿಗೆ ಯಾರೋ ಬಳಸಿ ಬಿಟ್ಟದ್ದು, ಎರಡು ಸ್ಪ್ಯಾನರುಗಳ ಅಳತೆ ಅಳಿಸಿಹೋಗಿದೆ. ಆದರೂ ಅವಳು ಮುಟ್ಟಿದ ಕಾರು ವಾಪಸ್ ಬರುವುದಿಲ್ಲ. ಹತ್ತು ಗಂಟೆಗೆ ತಿಂಡಿ ಮಾರಲು ಬರುವ ಪೈ ವ್ಯಾನಿನವನು ಚಿಪ್ಪುಮೀನು ತುಂಬಿದ ಕೊನೆಯ ಸ್ಕಾಲಪ್ ಪೈಯನ್ನು ಅವಳಿಗೆಂದು ಎತ್ತಿಡುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಒಂದು ದಿನ ಎತ್ತಿಟ್ಟವನಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಹೊಟ್ಟೆಕಿಚ್ಚಿಗೆ ಸಣ್ಣ ವಿಷಯವೇ ಸಾಕು, ದೊಡ್ಡದಕ್ಕಾಗಿ ಅದು ಕಾಯುವುದಿಲ್ಲ.

ಆ ಸೋಮವಾರ ಮ್ಯಾನೇಜರ್ ಕೆಲ್ ಚಹಾದ ಮಗ್ಗು ಹಿಡಿದುಕೊಂಡು ನನ್ನ ಹತ್ತಿರ ಬಂದ. ಅವನು ಮಗ್ಗು ಹಿಡಿದು ಬಂದರೆ ಕೆಟ್ಟ ಸುದ್ದಿಯೇ.

"ಲಿಂಡ್ಸೆ, ಬೇಜಾರ್ ಮಾಡ್ಕೋಬೇಡ ಕಣಯ್ಯಾ. ಈ ಸಲ ಕೆಂಪು ಕಾರು ನೈರಿ ನೋಡ್ಲಿ."

"ಯಾಕೆ, ನನ್ ಕಣ್ಣಿಗೇನಾಗಿದೆ?"

"ಏನೂ ಆಗಿಲ್ಲ. ಮೂರು ಸಲ ನೋಡಿದ್ದಾಯ್ತಲ್ಲ ಆ ಕಣ್ಣಲ್ಲಿ. ಗುರುವಾರ ಮೆಲ್ಬರ್ನಿಂದ ಕಂಪನಿಯೋನು ಬರ್ತಿದಾನೆ. ಅವತ್ತೂ ಒಂದ್ ತೊಟ್ಟು ಕಂಡ್ರೆ ಕಾರು ವಾಪಸ್ ತಗೊಂಡು ದುಡ್ಡು ಕೊಟ್ಟು ಕೈ ತೊಳ್ಕೋತಾರಂತೆ. ಗ್ಲೆನಿಸ್‌ಗೆ ಅದು ಬೇಡ. ಆ ಮಾಡೆಲ್ ಈಗ ಬರ್ತಿಲ್ಲ, ಬೇರೆ ಕಾರು ಆಯಮ್ಮ ಮುಟ್ಟಲ್ಲ."

"ನೈರಿ ಬಂದು ಏನ್ ಕಿಸಿತಾಳೆ? ಅದೇ ಸೀಲು, ಅದೇ ಎಂಜಿನ್ನು."

"ಕಿಸಿದ್ರೆ ಕಿಸೀಲಿ. ನಿನಗೆ ಸೊಂಟನೋವು ಕಮ್ಮಿ ಆಗತ್ತಲ್ಲ ಮಾರಾಯ," ಎಂದು ಅವನು ನಗುತ್ತಾ ಹೋದ.

ನನ್ನ ಹಾಯಿಸ್ಟಿನಲ್ಲಿ ಒಂದು ಹಳೆಯ ವ್ಯಾನಿಗೆ ಬ್ರೇಕು ಹಾಕುತ್ತಿದ್ದೆ. ಕೈ ಬ್ರೇಕಿನ ಮೇಲೆ, ಕಣ್ಣು ಪಕ್ಕದ ಹಾಯಿಸ್ಟಿನ ಮೇಲೆ. ನೈರಿ ಎಂಜಿನ್ ಇಳಿಸುತ್ತಾಳೆಂದು ಕಾದೆ. ಅವಳು ಇಳಿಸಲಿಲ್ಲ. ಎಂಜಿನ್ನಿಗೆ ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳ ತೆಗೆದು, ಅದಕ್ಕೆ ಒಂದು ರಬ್ಬರ್ ಕೈಗವಸು ತೊಡಿಸಿ, ಕಾರು ಸ್ಟಾರ್ಟ್ ಮಾಡಿದಳು. ಕೈಗವಸು ಮೆಲ್ಲಗೆ ಎದ್ದಿತು, ಐದೂ ಬೆರಳು ಬಿರಿದು ಹಾಲು ತುಂಬಿದ ಕೆಚ್ಚಲಿನ ಹಾಗೆ ಉಬ್ಬಿ ನಿಂತಿತು.

"ಕೆಲ್, ಬಾ ಇಲ್ಲಿ, ಹಾಲು ಕರಿಯೋಣ," ಎಂದು ಕರೆದಳು. "ಆರೋಗ್ಯವಾಗಿರೋ ಎಂಜಿನ್ನು ಇದನ್ನ ಒಳಕ್ಕೆ ಎಳ್ಕೋಬೇಕು. ಇದು ಹೊರಕ್ಕೆ ಊದ್ತಿದೆ. ಒಳಗಡೆ ಉಸಿರು ಕಟ್ಟಿದೆ ಪಾಪ. ಉಸಿರು ಬಿಡೋ ವಾಲ್ವು ಕಚ್ಕೊಂಡಿದೆ. ಎಷ್ಟು ಹೊಸ ಸೀಲು ಹಾಕಿದ್ರೂ ಒಳಗಿನ ಒತ್ತಡ ಎಣ್ಣೇನ ಆಚೆಗೆ ತಳ್ಳತ್ತೆ."

ಐದು ನಿಮಿಷ. ನಾನು ಮೂರು ಸಲ ಎಂಜಿನ್ ಇಳಿಸಿ ಹತ್ತಿಸಿದ್ದು ಒಟ್ಟು ಒಂಬತ್ತು ದಿನ. ಆ ಕೈಗವಸನ್ನು ನೋಡಿದ ಕ್ಷಣದಲ್ಲೇ ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ಮೈಯೆಲ್ಲ ಉರಿಯಿತು. ಅವಳದು ತಪ್ಪಾಗಿದ್ದರೆ ಅವತ್ತು ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಮರುದಿನ ಮಧ್ಯಾಹ್ನ ನನಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿತ್ತು. ನಾನಿಲ್ಲದಾಗ ಅವಳು ಹೊಸ ವಾಲ್ವು ಹಾಕಿ, ಸೀಲೂ ಎಣ್ಣೆಯೂ ಇದ್ದದ್ದೇ ಸಾಕೆಂದು ಹಾಗೇ ಬಿಟ್ಟು, ಕಾರನ್ನು ಗ್ಲೆನಿಸ್ ಕೈಗೆ ಕೊಟ್ಟು, ಚೆನ್ನಾಗಿ ಓಡಿಸಿಕೊಂಡು ಬನ್ನಿ ಎಂದಿದ್ದಳು. ಗ್ಲೆನಿಸ್ ಸೇಂಟ್ ಹೆಲೆನ್ಸ್‌ವರೆಗೆ ಹೋಗಿ, ಸಮುದ್ರ ನೋಡಿ, ಮುನ್ನೂರು ಚಿಲ್ಲರೆ ಕಿಲೋಮೀಟರ್ ಓಡಿಸಿ ಬುಧವಾರ ಬೆಳಗ್ಗೆ ಕಾರು ತಂದರು. ಕಾರನ್ನು ಮೇಲೆತ್ತಿ ಎಂಜಿನ್ನಿನ ಕೆಳಗಿನ ಅಡಿತಟ್ಟೆ ಬಿಚ್ಚಿದರು. ಒಣಕಲು. ಕೆಲ್ ಬೆರಳು ಸವರಿ ನೋಡಿ, ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿದ.

"ನೋಡಪ್ಪಾ, ಈ ಬೆರಳಲ್ಲಿ ನಿನ್ನ ಪೈ ತಿನ್ಬೋದು."

"ನೋಡ್ದೆ, ತೆಗಿ ಅತ್ಲಾಗೆ."

ಅಡಿತಟ್ಟೆ ಮತ್ತೆ ಬಿಗಿದು ಕಾರನ್ನು ಕಂಪನಿಯವನ ತಪಾಸಣೆಗೆಂದು ಅಲ್ಲೇ ಬಿಟ್ಟರು. ಗ್ಲೆನಿಸ್ ಕೌಂಟರಿನಲ್ಲಿ ಮುಂದಿನ ಸರ್ವಿಸಿನ ಚೀಟಿ ತುಂಬುತ್ತಿದ್ದರು. ನಾನು ಕೈ ಒರೆಸಿಕೊಳ್ಳುವ ನೆಪದಲ್ಲಿ ಅವರ ಹಿಂದೆ ಹೋಗಿ ನಿಂತೆ. ಪೆನ್ನು ಆ ಸಾಲಿಗೆ ಬಂದಾಗ ಒಂದು ಗಳಿಗೆ ತಡೆಯಿತು. ಆಮೇಲೆ ‘ನೈರಿ’ ಎಂದು ಬರೆಯಿತು, ಅದೇ ದೊಡ್ಡ ಅಕ್ಷರದಲ್ಲಿ. ಅವರು ತಿರುಗಿ ನನ್ನನ್ನು ಕಂಡು ಕೆಂಪಾದರು.

"ತಪ್ಪು ತಿಳ್ಕೋಬೇಡಪ್ಪ ಲಿಂಡ್ಸೆ. ಈ ಕಾರಿನ ಮಟ್ಟಿಗೆ ಮಾತ್ರ."

"ಇರೋದೇ ಒಂದ್ ಕಾರಲ್ವ ನಿಮಗೆ," ಎಂದೆ.

ಹತ್ತು ಗಂಟೆಗೆ ಪೈ ವ್ಯಾನಿನ ಹಾರ್ನು ಕೇಳಿ ಎಲ್ಲರೂ ಹೊರಗೆ ಹೋದರು. ನಾನು ಹೋಗಲಿಲ್ಲ. ನಾನು ಮಾಡಿದ್ದನ್ನು ಸಿಟ್ಟಿನ ಭರದಲ್ಲಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಯೋಚಿಸಿಯೇ ಮಾಡಿದೆ. ಹೊಸ ಎಣ್ಣೆ ಸುರಿದರೆ ಅದರ ತಿಳಿಬಣ್ಣವೇ ನನ್ನನ್ನು ಹಿಡಿದುಕೊಡುತ್ತದೆಂದು, ಹಳೆಯ ವ್ಯಾನಿನಿಂದ ಬಸಿದಿಟ್ಟ ಕಪ್ಪು ಎಣ್ಣೆಯನ್ನು ಪುಟ್ಟ ಕ್ಯಾನಿಗೆ ತುಂಬಿಕೊಂಡೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿಗೆ ಮೇಲಿನಿಂದ ಎರಡು ಚಮಚದಷ್ಟು ಬಿಟ್ಟೆ. ಅದು ಇಳಿದು ಅಡಿತಟ್ಟೆಯಲ್ಲಿ ನಿಲ್ಲುತ್ತದೆ. ನಾಳೆ ತಟ್ಟೆ ಬಿಚ್ಚಿದವರಿಗೆ ನಾಲ್ಕನೇ ರಿಪೇರಿಯ ಮೇಲೂ ಸೋರಿತು ಎಂದು ಕಾಣುತ್ತದೆ. ಗ್ಲೆನಿಸ್ ಕಾರು ಕಳೆದುಕೊಳ್ಳುತ್ತಾರೆಂಬುದು ತಲೆಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ನೈರಿಯ ಕೈಗೆ ಸಿಗುವ ಕಾರು ಇರುವುದಕ್ಕಿಂತ ಇಲ್ಲದಿರುವುದೇ ವಾಸಿ ಅನ್ನಿಸಿತು.

ಗುರುವಾರ ಕಂಪನಿಯ ಪ್ರೆಸ್ಕಾಟ್ ಬಂದ. ತೆಳ್ಳನೆಯ ಮನುಷ್ಯ, ಇಸ್ತ್ರಿ ಕೆಡದ ಅಂಗಿ. ಗ್ಲೆನಿಸ್ ಕೂಡ ಕೈಚೀಲ ಅವುಚಿಕೊಂಡು ನಿಂತಿದ್ದರು. ಕಾರು ಮೇಲೇರಿತು. ನೈರಿ ಗುನುಗುತ್ತಾ ತಟ್ಟೆಯ ಬೋಲ್ಟು ಬಿಚ್ಚಿದಳು. ತಟ್ಟೆ ಒಂದು ಕಡೆಗೆ ವಾಲುತ್ತಲೇ ಕಪ್ಪು ಎಣ್ಣೆ ಅವಳ ಮೊಣಕೈ ಮೇಲೆ ಹರಿದು ನೆಲಕ್ಕೆ ಬಿತ್ತು. ಗುನುಗು ನಿಂತಿತು.

ಪ್ರೆಸ್ಕಾಟ್ ತನ್ನ ಹಾಳೆ ತೆರೆದ.

"ನಾಲ್ಕು ಸಲ ರಿಪೇರಿ ಆಯ್ತು ಮೇಡಂ. ಇನ್ನು ಎಳೆದಾಡೋದ್ರಲ್ಲಿ ಅರ್ಥ ಇಲ್ಲ. ಕಾರು ನಾವು ವಾಪಸ್ ತಗೋತೀವಿ."

"ನಂಗೆ ಬೇಡ," ಎಂದರು ಗ್ಲೆನಿಸ್. "ದುಡ್ಡು ಬೇಡ ನಂಗೆ. ಇದನ್ನ ತಗೊಂಡ್ ಹೋಗ್ಬೇಡಿ." ಮಕ್ಕಳನ್ನು ಗದರಿಸಿ ಗದರಿಸಿ ಗಟ್ಟಿಯಾಗಿದ್ದ ಅವರ ದನಿ ನಡುಗುತ್ತಿತ್ತು. ನನಗೆ ಬೇಕಾದದ್ದು ನೈರಿಯ ಮುಖ ಸಣ್ಣದಾಗುವುದು. ಇವರ ಮುಖ ನೋಡಲಾಗದೆ ನೆಲ ನೋಡಿದೆ.

"ಒಂದ್ನಿಮಿಷ ತಡೀರಿ," ಎಂದಳು ನೈರಿ. ಪೆಟ್ಟಿಗೆಯಿಂದ ನೀಲಿ ದೀಪ ತಂದು, ಕೆಲ್‌ಗೆ ಮೇಲಿನ ದೀಪ ಆರಿಸಲು ಹೇಳಿದಳು. ಸೋರಿಕೆ ಹುಡುಕಲು ಎಣ್ಣೆಗೆ ಒಂದು ಬಣ್ಣ ಬೆರೆಸುತ್ತಾರೆ, ಅದು ಈ ದೀಪದಡಿ ಹಸಿರಾಗಿ ಹೊಳೆಯುತ್ತದೆ. ನಾನು ಬಣ್ಣ ಬೆರೆಸುವವನಲ್ಲ. ಕಣ್ಣು ಕಾಣದವರ ಕೆಲಸ ಅದು ಎಂದು ಎಷ್ಟೋ ಸಲ ಆಡಿಕೊಂಡಿದ್ದೇನೆ. ಅವಳು ಬೆರೆಸಿರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಅವಳು ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ದೀಪದ ಕೆಳಗೆ ಹಿಡಿದಳು. ಹಸಿರಾಗಿ ಹೊಳೆಯಿತು. ನೆಲದ ಮೇಲಿದ್ದ ಎಣ್ಣೆಗೆ ದೀಪ ಹಿಡಿದಳು. ಕಪ್ಪಗೆ ಬಿದ್ದಿತ್ತು.

"ಇದು ಈ ಕಾರಿನ ಎಣ್ಣೆ ಅಲ್ಲ," ಎಂದಳು.

"ಮತ್ತೆ ಯಾರಪ್ಪನ ಮನೇದು?" ಎಂದ ಕೆಲ್.

ನೈರಿ ನೆಲ ನೋಡಿದಳು, ಸಂದಿ ನೋಡಿದಳು, ಆಮೇಲೆ ಪಕ್ಕದ ಹಾಯಿಸ್ಟಿನ ಕೆಳಗೆ ನಾನು ಎಣ್ಣೆ ಬಸಿದಿಟ್ಟ ಡಬ್ಬ ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ಈಗ ಹೇಳುತ್ತಾಳೆ, ಹೇಳಿಬಿಡಲಿ ಎಂದು ಹಲ್ಲು ಕಚ್ಚಿ ನಿಂತೆ.

"ನಂದೇ ಇರ್ಬೇಕು," ಎಂದಳು. "ನಿನ್ನೆ ಹಳೇ ಎಣ್ಣೆ ಡಬ್ಬ ಎತ್ತಿ ಇಡೋವಾಗ ತುಳುಕಿಸಿದ್ದೀನಿ ಅನ್ಸತ್ತೆ. ತಪ್ಪಾಯ್ತು."

ಪ್ರೆಸ್ಕಾಟ್ ಅರ್ಧ ಗಂಟೆ ಎಂಜಿನ್ ಓಡಿಸಿ, ಸಂದಿಯನ್ನು ಒರೆಸಿ, ಮತ್ತೆ ದೀಪ ಹಿಡಿದು ನೋಡಿದ. ಒಂದು ಹನಿ ಹಸಿರಿಲ್ಲ. ಸೋರಿಕೆ ನಿಂತಿದೆ ಎಂದು ಬರೆದ. ಅದರ ಕೆಳಗೆ, ರಿಪೇರಿ ಮಾಡಿದವರ ಅಜಾಗರೂಕತೆ ಎಂದೂ ಬರೆದ. ಕೆಲ್ ಗಿರಾಕಿಯ ಎದುರೇ ನೈರಿಗೆ ಬೈದ. ಎರಡು ಹನಿ ಕೊಳಕಿಗೆ ಕಾರೇ ಕೈಬಿಟ್ಟು ಹೋಗ್ತಿತ್ತಲ್ಲೇ, ದನದ ಹಟ್ಟಿ ಅಂದ್ಕೊಂಡ್ಯಾ ಇದನ್ನ ಎಂದ. ಅವಳು ನೆಲ ಒರೆಸಿದಳು.

ಗ್ಲೆನಿಸ್ ಕೀಲಿ ತೆಗೆದುಕೊಂಡವರು ಕೌಂಟರಿಗೆ ಹೋಗಿ ತಮ್ಮ ಚೀಟಿ ಕೇಳಿ ಪಡೆದರು. ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ಹುಡುಗಿ ಜಾಣೆ, ಇಲ್ಲ ಅನ್ನಲ್ಲ. ಆದ್ರೆ ಕೈ ಸ್ವಲ್ಪ ಒರಟು. ಹನ್ನೊಂದು ವರ್ಷದಲ್ಲಿ ನೀನು ನನ್ನ ಕಾರಲ್ಲಿ ಒಂದ್ ಹನಿ ಚೆಲ್ಲಿಲ್ಲ ಕಣಪ್ಪ. ಮುಂದಿನ ಸಲದಿಂದ ನೀನೇ ನೋಡು."

ಅವರು ‘ನೈರಿ’ ಎಂಬುದನ್ನು ಹೊಡೆದುಹಾಕಿ ಮೇಲೆ ನನ್ನ ಹೆಸರು ಬರೆದರು. ಬಾಯಿ ತೆರೆದರೆ ಸಾಕಿತ್ತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಆಗ್ಲಿ ಗ್ಲೆನಿಸ್," ಎಂದೆ.

ಕಾರು ಹೊರಟುಹೋದ ಮೇಲೆ ನೈರಿ ತೊಟ್ಟಿಯಲ್ಲಿ ಮೊಣಕೈ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಹೋಗಿ ನಿಂತು ನಲ್ಲಿ ತಿರುಗಿಸಿದೆ. ಕೈ ಕೊಳೆಯಾಗಿರಲಿಲ್ಲ, ಆದರೂ ತೊಳೆದೆ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು."

"ಹೋಗ್ಲಿ ಬಿಡು. ನಿನಗೇನು? ಈ ಜಾಗ, ಮೊದಲ್ನೇ ಹಾಯಿಸ್ಟು, ಗ್ಲೆನಿಸ್, ಎಲ್ಲ ನಿಂದೇ ಆಗ್ತಿತ್ತಲ್ಲ. ಅದೇ ತಾನೆ ನಿನಗೂ ಬೇಕಾಗಿದ್ದು."

ಅವಳು ನಿಜವಾಗಿಯೂ ಆಶ್ಚರ್ಯದಿಂದ ನನ್ನ ಕಡೆ ತಿರುಗಿದಳು.

"ನಂಗ್ಯಾಕೆ? ಬರೋ ವರ್ಷ ಊರಿಗೆ ವಾಪಸ್ ಹೋಗ್ತಿದೀನಿ, ಅಪ್ಪನ ಜೊತೆ ಹಸು ನೋಡ್ಕೊಳೋಕೆ. ಕೆಲ್‌ಗೆ ಬಂದ ದಿನಾನೇ ಹೇಳಿದ್ದೆ." ಸ್ವಲ್ಪ ಹೊತ್ತು ಸೋಪು ಉಜ್ಜಿದಳು. "ಮೂರು ಸಲ ಒಬ್ನೇ ಎಂಜಿನ್ ಇಳ್ಸಿದೀಯ ನೀನು, ಈ ಸೊಂಟ ಇಟ್ಕೊಂಡು. ಪಾಪ ಅನ್ನಿಸ್ತು, ಅಷ್ಟೇ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಕೈ ಒರೆಸಿಕೊಂಡು ತನ್ನ ಹಾಯಿಸ್ಟಿಗೆ ಹೋದಳು, ಇನ್ನೊಂದು ಕಾರಿನ ಕೆಳಗೆ ನಿಂತು ಮತ್ತೆ ಗುನುಗತೊಡಗಿದಳು. ಒಂಬತ್ತು ತಿಂಗಳು ನಾನು ಅವಳನ್ನು ನೋಡಿ ಉರಿದಿದ್ದೆ, ಅವಳೂ ನನ್ನನ್ನು ನೋಡಿ ಉರಿಯುತ್ತಿದ್ದಾಳೆ ಎಂದು ನಂಬಿದ್ದೆ, ಆ ನಂಬಿಕೆಯ ಮೇಲೆಯೇ ದಿನಾ ಬೆಳಗ್ಗೆ ಎದ್ದು ಕೆಲಸಕ್ಕೆ ಬರುತ್ತಿದ್ದೆ. ನನ್ನ ಬಳಿ ಇದ್ದದ್ದರಲ್ಲಿ ಅವಳಿಗೆ ಬೇಕಾದದ್ದು ಏನೂ ಇರಲಿಲ್ಲ.