ಎಂಟಕ್ಕೆ ಏಳು

"ಏ ಪೊರಕೆ, ಸತ್ತೋರ ಥರ ಬಿದ್ಕೋ. ನಿನಗೆ ಎಲ್ಲೂ ನೋವಿಲ್ಲ, ತಿಳೀತಾ? ಮುಖ ಗಿಖ ಹಿಂಡಿದ್ಯೋ, ನಾಳೆಯಿಂದ ಗೇಟಿನಾಚೆ."

ಹೀಗಂದವಳು ನಮ್ಮ ಐಸಿಯುನ ದೊಡ್ಡ ಸಿಸ್ಟರ್. ಪೊರಕೆ ಅಂದರೆ ನಾನು. ಹೆಸರಿಗೆ ಕಸ ಗುಡಿಸುವವಳು. ಆದರೆ ಹನ್ನೊಂದು ವರ್ಷದಲ್ಲಿ ನಾನು ಎತ್ತಿ ಹೊರಳಿಸಿದ ರೋಗಿಗಳನ್ನು ಸಾಲಾಗಿ ಮಲಗಿಸಿದರೆ ಭೂಮಿಗೆ ಎರಡು ಸುತ್ತು ಬರುತ್ತದೆ. ಸಾವು ಕೂಡ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನನ್ನನ್ನು ಕೇಳಿಕೊಂಡೇ ಒಳಗೆ ಬರುತ್ತಿತ್ತು.

ಮೂರು ದಿನದ ಕೆಳಗೆ ಇನ್ನೂರು ಕಿಲೋದ ರೋಗಿಯೊಬ್ಬನನ್ನು ಒಬ್ಬಳೇ ಹೊರಳಿಸುವಾಗ ಸೊಂಟದಲ್ಲಿ ಏನೋ ಚಟ್ಟೆಂದಿತು. ಸರಿ, ತೊಂಬತ್ತು ಕಿಲೋ ಇದ್ದಾನು. ಆದರೂ ನಾಲ್ವರು ಮಾಡುವ ಕೆಲಸ. ಕೆಲಸದಲ್ಲಾದ ಪೆಟ್ಟೆಂದು ಕಾಗದದಲ್ಲಿ ಬಿದ್ದರೆ ಚಿಕಿತ್ಸೆ, ರಜೆ. ಬೀಳದಿದ್ದರೆ ಗುತ್ತಿಗೆದಾರ ಇನ್ನೊಂದು ಪೊರಕೆ ತರುತ್ತಾನೆ. ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೆ. ನಿನ್ನ ಸೊಂಟಕ್ಕೆ ನಾನ್ಯಾಕೆ ಪೆನ್ನು ಸವೆಸಲಿ ಎಂದು ದೊಡ್ಡ ಸಿಸ್ಟರ್ ಅಟ್ಟಿದ್ದಳು.

ಇವತ್ತು ನರ್ಸುಗಳಿಗೆ ತರಬೇತಿ. ಬಾಯಲ್ಲಿ ಕೊಳವೆ ಇಟ್ಟ, ಮಾತಾಡಲಾಗದ ರೋಗಿಯ ನೋವನ್ನು ಅಳೆಯುವುದು ಹೇಗೆ? ಹೊರಳಿಸುವಾಗ ಮುಖ ನೋಡಬೇಕು, ಕೈಕಾಲಿನ ಅಲುಗಾಟ, ಮೈಯ ಬಿಗಿತ, ಉಸಿರು ನೋಡಬೇಕು. ನೋವಿಗೆ ತಕ್ಕಂತೆ ಒಂದೊಂದಕ್ಕೆ ಹೆಚ್ಚೆಂದರೆ ಎರಡು ಅಂಕ, ಒಟ್ಟು ಎಂಟು. ಕಲಿಸಲು ರೋಗಿಯಂತೆ ಮಲಗಿಸುವ ಬೊಂಬೆ ಕೆಟ್ಟಿತ್ತು. ನಾನಿದ್ದೆನಲ್ಲ.

ದೊಡ್ಡ ಸಿಸ್ಟರ್ ನನ್ನನ್ನು ಒಗೆಯುವ ಬಟ್ಟೆ ಮಗುಚಿದಂತೆ ಮಗುಚಿ ತೋರಿಸಿದಳು. ನಟನೆಯಲ್ಲಿ ನನ್ನ ಸಮ ಹುಟ್ಟಿಲ್ಲ. ಹಲ್ಲು ಕಚ್ಚಿಕೊಂಡು ಅಪ್ಪಟ ಹೆಣವಾದೆ. ಕಾಲಬೆರಳುಗಳು ಮಾತ್ರ ನನ್ನ ಮಾತು ಕೇಳದೆ ಮುದುಡಿಕೊಂಡವು.

ಹನ್ನೆರಡು ನರ್ಸುಗಳು ದೊಡ್ಡ ಸಿಸ್ಟರ್ ಮುಖ ನೋಡಿ ಸೊನ್ನೆ ಬರೆದರು. ಹದಿಮೂರನೆಯವಳು ಹೊಸಬಳು, ಫ್ಯಾನ್ ಹಾಕಿದರೆ ಹಾರಿಹೋಗುವಂಥ ಕಡ್ಡಿ. ಅವಳು ನನ್ನ ಮುಖ ನೋಡಿದಳು. ಬಿಗಿತ ತಿಳಿಯಲು ನನ್ನ ಮೊಣಕೈ ಮಡಚಿ ನೋಡಿದಳು. ಏಳು ಎಂದು ಬರೆದಳು.

"ನಾಟಕ ಕಣೇ ಅದು, ದಡ್ಡಿ. ನೋವಿಲ್ಲ ಅಂತ ನಾನೇ ಹೇಳಿಕೊಟ್ಟಿದ್ದೀನಿ. ಸೊನ್ನೆ ಹಾಕು."

"ನೋವಿಲ್ಲ ಅಂತ ನೀವು ಹೇಳ್ತಿದ್ದೀರಿ ಸಿಸ್ಟರ್. ಅವರ ಮೈ ಹೇಳ್ತಿಲ್ಲ."

ಅಷ್ಟಕ್ಕೇ ಬಿಡದೆ, ಯಾವಾಗಿನಿಂದ ಅಕ್ಕಾ ಎಂದು ನನ್ನನ್ನೇ ಕೇಳಿದಳು. ಯಾವ ದಿನ, ಯಾವ ರೋಗಿ, ಆಗ ಡ್ಯೂಟಿಯಲ್ಲಿ ಯಾರಿದ್ದರು, ಎಲ್ಲ ಹೇಳಿದೆ. ಜನ್ಮದಲ್ಲಿ ಮೊದಲ ಸಲ ಒಂದು ಗ್ರಾಂ ಕೂಡ ಹೆಚ್ಚು ಸೇರಿಸಲಿಲ್ಲ. ಅವಳು ಗೋಡೆಯ ಖಾನೆಯಿಂದ ಅಪಘಾತದ ಫಾರಂ ಎಳೆದು, ತುಂಬಿಸಿ, ಕೆಳಗೆ ತನ್ನ ಸಹಿ ಹಾಕಿದಳು.

ದೊಡ್ಡ ಸಿಸ್ಟರ್ ಕುತ್ತಿಗೆ ಕೆಂಪಾಯಿತು. "ಹರಿದು ಹಾಕು ಅದನ್ನ. ಇಲ್ಲ ಇಬ್ರೂ ಇವತ್ತೇ ಹೊರಗೆ. ಇಳಿಯೇ ಮುಂಡೆ, ಅದು ರೋಗಿಗಳ ಮಂಚ."

ನಾನು ಇಳಿಯಲಿಲ್ಲ. ಧೈರ್ಯ ಎಂದು ಕೊಚ್ಚಿಕೊಳ್ಳಬಹುದಿತ್ತು. ಸೊಂಟ ಏಳಲೇ ಇಲ್ಲ.

ಕಡ್ಡಿ ಹುಡುಗಿ ಫಾರಮನ್ನು ನನ್ನ ದಿಂಬಿನಡಿ ತುರುಕಿದಳು. ರೋಗಿ ಬೀಳದಂತೆ ಮಂಚಕ್ಕಿರುವ ಕಂಬಿಗಳನ್ನು ಎರಡೂ ಬದಿಯಲ್ಲಿ ಎತ್ತಿ, ಕೊಂಡಿ ಹಾಕಿ, ದೊಡ್ಡ ಸಿಸ್ಟರಿಗೆ ಬೆನ್ನು ಮಾಡಿ ನಿಂತಳು.