ನಳದ ಮುಂದೆ ಆಡಿದ ಮಾತು

ಪಾಂಡು ಆ ಮಾತು ಆಡಿದ್ದು ಝುವಾರಿನಗರದ ಓಣಿಯ ನಳದ ಮುಂದೆ, ಹೆಂಗಸರೆಲ್ಲ ಕೊಡ ಹಿಡಿದು ಪಾಳಿಯಲ್ಲಿ ನಿಂತಿದ್ದಾಗ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಮೋಟಾರ್ ಸೈಕಲ್ಲನ್ನು ನಂದಾಳ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ, ಅವಳ ಗಂಡ ಯಮನೂರನನ್ನು ಹೆಸರು ಹಿಡಿದು ಹೊರಗೆ ಕರೆದ. ಯಮನೂರ ಬನಿಯನ್ನಿನಲ್ಲೇ ಬಂದು ನಿಂತ. ಬಲಗೈಯನ್ನು ಹಳೆಯ ಬಟ್ಟೆಯೊಂದರಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ.

“ಕೆಲಸಿಲ್ಲ, ರೊಕ್ಕಿಲ್ಲ ಅಂತೀ. ಹಂಗಾರ ಸತ್ತುಬಿಡು,” ಎಂದ ಪಾಂಡು. “ಸಾಲದ ಮ್ಯಾಲ ಇನ್ಶೂರನ್ಸ್ ಐತಿ. ನೀ ಸತ್ತರ ಕಂಪನಿಗೆ ರೊಕ್ಕ ಬರತೈತಿ, ನಿನ್ನ ಹೇಣ್ತಿನೂ ಪಾರಾಗ್ತಾಳ.”

ಕೂಗಿ ಹೇಳಲಿಲ್ಲ. ದಾರಿ ಕೇಳಿದವರಿಗೆ ದಾರಿ ತೋರಿಸುವ ಹಾಗೆ ಸಮಾಧಾನವಾಗಿ ಹೇಳಿದ. ಹಿಂದಿನ ಸೀಟಿನಲ್ಲಿ ಕೂತಿದ್ದ ಜೊತೆಗಾರ ನಕ್ಕ. ನಳದ ಹತ್ತಿರ ಇದ್ದವರು ತಮ್ಮ ತಮ್ಮ ಕೊಡದೊಳಗೆ ನೋಡುತ್ತ ನಿಂತರು. ಯಮನೂರ ಒಳಗೆ ಬಂದು, ಗೋಡೆಗೆ ಮುಖ ಮಾಡಿ ಮಲಗಿದ.

ಗಂಡ ಹೆಂಡತಿ ಕೊಪ್ಪಳದ ಕಡೆಯಿಂದ ಗೋವೆಗೆ ಬಂದು ಬಹಳ ವರ್ಷಗಳಾಗಿದ್ದವು. ಅವನಿಗೆ ಮುರ್ಮುಗಾಂವ್ ಬಂದರಿನಲ್ಲಿ ಲೋಡಿಂಗ್ ಕೆಲಸ. ಅವಳು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ವಾಸ್ಕೋದ ಅಂಗಡಿಗಳಿಗೆ ಕೊಡುತ್ತಿದ್ದಳು. ಒಬ್ಬಳೇ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದುಕೊಂಡು ಶಾಲೆಗೆ ಹೋಗುತ್ತಿದ್ದಳು. ಮಳೆಗಾಲದ ಮೊದಲು ಯಮನೂರ ಚೀಲಗಳ ರಾಶಿಯ ಮೇಲಿಂದ ಬಿದ್ದು ಭುಜ ಮುರಿದುಕೊಂಡ. ಆಪರೇಶನ್ನಿಗೆಂದು ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ತೆಗೆದರು. ಮೊದಮೊದಲು ಕಂತು ಕಟ್ಟಿದರು. ಕೈ ಬೇಗ ಕೂಡಲಿಲ್ಲ, ಕೆಲಸ ಹೋಯಿತು, ಕಂತು ನಿಂತಿತು. ಅದರ ಬೆನ್ನಿಗೇ ಪಾಂಡು ಬಂದ. ಕಂಪನಿಯ ಪರವಾಗಿ ವಸೂಲಿಗೆ ಬರುವವನು ತಾನು ಎಂದ. ದಿನಕ್ಕೆ ಎಷ್ಟು ಸಲ ಫೋನ್ ಮಾಡುತ್ತಿದ್ದನೋ ಲೆಕ್ಕವಿಲ್ಲ. ಊರಲ್ಲಿದ್ದ ನಂದಾಳ ಅತ್ತೆಗೂ ಮಾಡಿದ, ಯಮನೂರನ ತಂಗಿಯ ಗಂಡನ ಮನೆಗೂ ಮಾಡಿದ. ನಿಮ್ಮ ಸೊಸೆಯ ಅಣ್ಣನನ್ನು ಪೊಲೀಸರು ಎಳೆದುಕೊಂಡು ಹೋಗುತ್ತಾರೆ, ಕಣ್ಣಾರೆ ನೋಡುವಿರಂತೆ ಎಂದು ಆ ಮನೆಯ ಮುದುಕಿಗೆ ಹೇಳಿದ್ದನಂತೆ.

ಇದನ್ನೆಲ್ಲ ನಂದಾ ಹೇಗೋ ನುಂಗಿಕೊಂಡಿದ್ದಳು. ಆದರೆ ನಳದ ಮುಂದಿನ ಆ ಮಾತಿನ ನಂತರ ಯಮನೂರ ಬದಲಾದ. ಅವನು ಸಿಟ್ಟಾಗಿದ್ದರೆ, ಕುಡಿದು ಬಂದಿದ್ದರೆ ಅವಳಿಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಅವನು ತೀರಾ ಒಳ್ಳೆಯವನಾದ. ಎಡಗೈಯಲ್ಲೇ ಬಾಗಿಲಿನ ತಿರುಪು ಬಿಗಿ ಮಾಡಿದ. ಛಾವಣಿಯ ತಗಡು ಸೋರುವಲ್ಲಿ ಡಾಂಬರು ಮೆತ್ತಿಸಿದ. ಊರಿಗೆ ಫೋನ್ ಹಚ್ಚಿ ಮಗಳ ಜೊತೆ ಬಹಳ ಹೊತ್ತು ಮಾತಾಡಿದ, ಅಜ್ಜಿಯ ಮಾತು ಕೇಳಬೇಕು ಎಂದ. ಒಂದು ಮಧ್ಯಾಹ್ನ ನಂದಾ ಹಿಟ್ಟು ನಾದುತ್ತಿದ್ದಾಗ, ಆ ಇನ್ಶೂರನ್ಸ್ ಖರೇನ ಐತೇನು ಎಂದು ಕೇಳಿದ. ಅವಳು ತಲೆ ಎತ್ತಿದಳು. ಸುಮ್ಮನೆ ಕೇಳಿದೆ ಎಂದು ಅವನು ಅತ್ತ ತಿರುಗಿದ.

ಅಂದಿನಿಂದ ಅವಳಿಗೆ ಅವನನ್ನು ಕಾಯುವುದೇ ಕೆಲಸವಾಯಿತು. ಅವನು ಬಚ್ಚಲಿಗೆ ಹೋದರೆ ಹೊರಗೆ ನಿಂತು ನೀರಿನ ಸಪ್ಪಳ ಕೇಳುವಳು. ಸಪ್ಪಳ ನಿಂತರೆ ಏನಾದರೊಂದು ನೆಪ ಮಾಡಿ ಕೂಗುವಳು. ಇಲಿ ಪಾಷಾಣದ ಪೊಟ್ಟಣವನ್ನು ಗಟಾರಕ್ಕೆ ಎಸೆದು ಬಂದಳು. ಬಾಯಿಬಿಟ್ಟು ಕೇಳಲು ಧೈರ್ಯವಾಗಲಿಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ತಾನೇ ಅವನ ತಲೆಗೆ ತುಂಬಿದ ಹಾಗಾಗುತ್ತದೆ ಎಂಬ ಅಂಜಿಕೆ.

ರೊಟ್ಟಿ ಕೊಡಲು ವಾಸ್ಕೋಗೆ ಹೋದಾಗ ಕಿರಾಣಿ ಅಂಗಡಿಯ ದಾನಪ್ಪನವರು ಅವಳ ಮುಖ ನೋಡಿ, ಏನಾಯ್ತು ತಂಗಿ ಎಂದರು. ಅವರು ಬೆಳಗಾವಿ ಕಡೆಯವರು, ಹಿಟ್ಟು ಉದ್ದರಿ ಕೊಡುವಷ್ಟು ನಂಬಿಕೆ ಇಟ್ಟವರು. ನಂದಾ ಹೇಳಬಾರದು ಅಂದುಕೊಂಡೇ ಎಲ್ಲವನ್ನೂ ಹೇಳಿದಳು. ದಾನಪ್ಪನವರು ತಕ್ಕಡಿಯನ್ನು ಕೆಳಗಿಟ್ಟು, ತಮ್ಮ ಅಣ್ಣನ ಮಗಳು ಕೀರ್ತಿ ವಕೀಲೆಯಾಗಿದ್ದಾಳೆ, ಮಡಗಾಂವಿನ ಕೋರ್ಟಿನಲ್ಲಿ ಬಡವರಿಗೆ, ಹೆಂಗಸರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ಕಚೇರಿಯಲ್ಲಿ ಕೂರುತ್ತಾಳೆ, ನಾಳೆಯೇ ಹೋಗು ಎಂದರು.

ಕೋರ್ಟು ಅಂದೊಡನೆ ನಂದಾ ಹೆದರಿದಳು. ತಾನಾಗಿ ಹೋಗಿ ಸಿಕ್ಕಿಹಾಕಿಕೊಂಡರೆ ಹೇಗೆ? ಅಲ್ಲಿಂದಲೇ ಪೊಲೀಸರನ್ನು ಕಳಿಸಿಬಿಟ್ಟರೆ? ಆದರೂ ಮರುದಿನ ಹೊರಟಳು. ಗಂಡನಿಗೆ ರೊಟ್ಟಿಯ ಹೊಸ ಗಿರಾಕಿ ನೋಡಲು ಹೋಗುತ್ತೇನೆ ಎಂದು ಸುಳ್ಳು ಹೇಳಿದಳು. ಪಕ್ಕದ ಮನೆಯ ದೇವಿಬಾಯಿಗೆ ಮಾತ್ರ, ಇವರ ಮೇಲೆ ಒಂದು ಕಣ್ಣಿರಲಿ ಎಂದಳು. ಯಾಕೆಂದು ಹೇಳಲಿಲ್ಲ. ಆ ದಿನ ನಳದ ಪಾಳಿಯಲ್ಲಿ ದೇವಿಬಾಯಿಯೂ ಇದ್ದಳು. ಹೇಳುವ ಅಗತ್ಯವಿರಲಿಲ್ಲ.

ಕೀರ್ತಿ ಇನ್ನೂ ಚಿಕ್ಕ ವಯಸ್ಸಿನವಳು. ನಂದಾ ಬಾಗಿಲಲ್ಲೇ ನಿಂತದ್ದನ್ನು ಕಂಡು ಎದ್ದು ಬಂದು ಕುರ್ಚಿ ಎಳೆದು ಕೂರಿಸಿದಳು. ಇಲ್ಲಿ ಹೆಂಗಸರಿಗೆ ವಕೀಲರ ಫೀ ಇಲ್ಲ ಎಂದು ಮೊದಲೇ ಹೇಳಿದಳು. ನಂದಾ ಹೇಳಿದ್ದನ್ನೆಲ್ಲ ಕೇಳಿ, ಮೋಸ ಮಾಡಿ ಸಾಲ ತೆಗೆದಿರಾ, ಚೆಕ್ ಏನಾದರೂ ಕೊಟ್ಟಿದ್ದೀರಾ ಎಂದು ವಿಚಾರಿಸಿದಳು. ಇಲ್ಲವೆಂದಾಗ, “ಹಂಗಿದ್ರ ಜೇಲಿನ ಮಾತ ಬರೂದಿಲ್ಲ ಅಕ್ಕಾ,” ಎಂದಳು. “ಕೈಲಾಗದ ಕಂತು ತಪ್ಪಿಸಿದ್ದು ಅಪರಾಧ ಅಲ್ಲ. ಕಂಪನಿಯವರು ಬೇಕಾದ್ರ ಕೋರ್ಟಿಗೆ ಬರಲಿ, ನಾವು ಉತ್ತರ ಕೊಡೋಣು. ಆದ್ರ ಅವ ನಿಮ್ಮ ಯಜಮಾನ್ರಿಗೆ ಸಾಯಿ ಅಂದನಲ್ಲ, ಅದು ಅಪರಾಧ.”

ನಂದಾ ಜೇಲು ಇಲ್ಲವೆಂಬುದನ್ನು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಕೀರ್ತಿ ಬೇಸರಪಡದೆ ಒಂದೊಂದೇ ಹೇಳಿದಳು. ವಸೂಲಿಯವರು ಬೆಳಿಗ್ಗೆ ಎಂಟರೊಳಗೆ, ಸಂಜೆ ಏಳರ ನಂತರ ಬರುವಂತಿಲ್ಲ, ಫೋನ್ ಮಾಡುವಂತಿಲ್ಲ. ಬಂದವನು ಗುರುತಿನ ಕಾರ್ಡು ಮತ್ತು ಕಂಪನಿ ಕೊಟ್ಟ ಪತ್ರ ತೋರಿಸಬೇಕು. ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವುದಕ್ಕೆ, ಓಣಿಯಲ್ಲಿ ನಿಂತು ಬಯ್ಯುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಅವನು ಮಾಡಿದ್ದಕ್ಕೆಲ್ಲ ಕಂಪನಿಯೇ ಹೊಣೆ. ಸಾಲ ಮಾತ್ರ ಸಾಲವೇ, ಅದು ಮಾಫಾಗುವುದಿಲ್ಲ, ಆದರೆ ಕಂತು ಇಳಿಸಿ ಎಂದು ಕೇಳಬಹುದು. ಕಂಪನಿಗೊಂದು, ಪೊಲೀಸ್ ಠಾಣೆಗೊಂದು ಅರ್ಜಿ ಬರೆದು ನಂದಾಳ ಸಹಿ ಹಾಕಿಸಿ, ಠಾಣೆಯದನ್ನು ಅವಳ ಕೈಗೆ ಕೊಟ್ಟಳು. ಕಂಪನಿ ತಿಂಗಳೊಳಗೆ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿಗೇ ದೂರು ಕೊಡಲು ಬರುತ್ತದೆ ಎಂದಳು.

ಆಮೇಲೆ ಪೆನ್ನು ಕೆಳಗಿಟ್ಟು, “ಅಕ್ಕಾ, ನಿಮ್ಮ ಯಜಮಾನ್ರನ್ನ ಸೀದಾ ಕೇಳ್ರಿ, ಸಾಯೂ ವಿಚಾರ ಬಂದೈತೇನು ಅಂತ,” ಎಂದಳು. “ಕೇಳಿದ್ರ ಆ ವಿಚಾರ ಹೆಚ್ಚಾಗೂದಿಲ್ಲ. ಕೇಳಲಿಲ್ಲಂದ್ರ ಆ ಭಾರ ಅವರು ಒಬ್ಬರೇ ಹೊರತಾರ.” ಇಂಥ ಮನಸ್ಸಿನ ಸಂಕಟಕ್ಕೆ ಸರ್ಕಾರದ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ ಎಂದು 14416 ನಂಬರನ್ನು ನಂದಾಳ ಫೋನಿನಲ್ಲಿ ತಾನೇ ಹಾಕಿಕೊಟ್ಟಳು.

ಬಸ್ಸು ವೆರ್ಣಾ ದಾಟುವಾಗ ದೇವಿಬಾಯಿಯ ಫೋನು ಬಂತು. ತಾನು ಅನ್ನಕ್ಕೆ ಇಟ್ಟು ಹೊರಗೆ ಬರುವಷ್ಟರಲ್ಲಿ ಯಮನೂರ ಮನೆಗೆ ಬೀಗ ಹಾಕಿ, ಕೀಲಿಯನ್ನು ತನ್ನ ಹೊಸ್ತಿಲ ಮೇಲಿಟ್ಟು ಹೋಗಿಬಿಟ್ಟಿದ್ದಾನೆ, ವಾಸ್ಕೋ ಬಸ್ಸು ಹತ್ತಿದ್ದನ್ನು ಯಾರೋ ನೋಡಿದರಂತೆ ಎಂದಳು. ನಂದಾ ಅವನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್ ಆಗಿತ್ತು. ಮತ್ತೆ ಹಚ್ಚಿದಳು. ಝುವಾರಿನಗರ ಬಂತು, ಅವಳು ಇಳಿಯಲಿಲ್ಲ. ಕಂಡಕ್ಟರನಿಗೆ ಮುಂದಿನ ಟಿಕೇಟಿನ ಚಿಲ್ಲರೆ ಕೊಡಲು ಹೋಗಿ ಎಲ್ಲವನ್ನೂ ಕೆಳಗೆ ಚೆಲ್ಲಿದಳು. ಪಕ್ಕದಲ್ಲಿದ್ದವರು ಆರಿಸಿಕೊಟ್ಟರು. ಕೀಲಿ ಯಾಕೆ ಕೊಟ್ಟು ಹೋದ? ಸಂಜೆಗೆ ಬರುವವನು ಕೀಲಿಯನ್ನು ಕಿಸೆಯಲ್ಲೇ ಇಟ್ಟುಕೊಳ್ಳುತ್ತಾನೆ. ಈ ಒಂದು ಯೋಚನೆ ಬಿಟ್ಟರೆ ಬೇರೇನೂ ತಲೆಗೆ ಹತ್ತಲಿಲ್ಲ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಅವಳಿಗೆ ಇಳಿದು ಓಡಬೇಕೆನಿಸುತ್ತಿತ್ತು.

ವಾಸ್ಕೋದಲ್ಲಿ ಇಳಿದವಳೇ ರಿಕ್ಷಾ ಹಿಡಿದು ಬಂದರಿನ ಗೇಟಿಗೆ ಹೋದಳು. ಅವನು ಬೇರೆಲ್ಲಿಗಾದರೂ ಹೋಗಿದ್ದರೆ ಎಲ್ಲಿ ಹುಡುಕಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಗೇಟಿನ ಆಚೆ ಬದಿ, ಲಾರಿಗಳು ಸಾಲಾಗಿ ನಿಲ್ಲುವ ಕಡೆ, ಕಾಂಪೌಂಡಿನ ನೆರಳಿನಲ್ಲಿ ಯಮನೂರ ಕೂತಿದ್ದ. ನಂದಾಳಿಗೆ ಮೊದಲು ಬಂದದ್ದು ಸಿಟ್ಟು. ಬಯ್ಯಬೇಕೆಂದು ಹತ್ತಿರ ಹೋದವಳು ಅವನ ಮುಖ ನೋಡಿ ಸಿಟ್ಟು ಮರೆತಳು. ಪಕ್ಕದಲ್ಲಿ ಕೂತಳು.

“ಸಾಯಬೇಕಂತ ಬಂದೀರೇನ್ರಿ?” ಎಂದಳು.

“ಹೌದು,” ಎಂದ. “ಹಡಗು ನಿಲ್ಲೂ ಧಕ್ಕೆ ಮ್ಯಾಲಿಂದ ನೀರಿಗೆ ಜಾರಿ ಬಿದ್ದ ಅಂದ್ರ ಯಾರೂ ಏನೂ ಕೇಳೂದಿಲ್ಲ ಅಂದ್ಕೊಂಡಿದ್ದೆ. ಪಾಸಿನ ತಾರೀಖು ಮುಗದೈತಿ ಅಂತ ಸೆಕ್ಯೂರಿಟಿಯಾಂವ ಒಳಗ ಬಿಡಲಿಲ್ಲ. ಹೊಳ್ಳಿ ಮನಿಗೆ ಬರಾಕ ಮಾರಿ ಇರಲಿಲ್ಲ. ಇಲ್ಲೇ ಕುಂತೆ.”

ನಂದಾ ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಳುವಿಗೆ ಆಮೇಲೆ ಹೊತ್ತಿದೆ, ಮೊದಲು ಹೇಳಬೇಕಾದದ್ದನ್ನು ಹೇಳಬೇಕು ಎನಿಸಿತು. ಎಲ್ಲಿ ಹೋಗಿದ್ದೆ, ಕೀರ್ತಿ ಏನೆಂದಳು ಎಂದು ತೊದಲುತ್ತ, ಹಿಂದುಮುಂದಾಗಿ ಹೇಳಿದಳು. ಜೇಲಿಗೆ ಹಾಕುವುದಿಲ್ಲವೇ ಎಂದು ಅವನೂ ಅವಳ ಹಾಗೇ ಕೇಳಿದ. ಇಲ್ಲ ಎಂದಳು. ನಂಬಿಕೆಯಾಗದೆ ಮತ್ತೆ ಕೇಳಿದ. ಆಮೇಲೆ ಮೊಣಕಾಲ ನಡುವೆ ತಲೆಯಿಟ್ಟು, ಲಾರಿಯ ಡ್ರೈವರುಗಳು ನೋಡುತ್ತಿದ್ದರೂ ಲೆಕ್ಕಿಸದೆ ಅತ್ತ. ಅಲ್ಲೇ ಕೂತು ನಂದಾ ಆ ಸಹಾಯವಾಣಿಗೆ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದಳು. ಆ ಕಡೆಯ ಹೆಣ್ಣುಮಗಳು ಅವಸರವಿಲ್ಲದೆ ಮಾತಾಡಿಸಿದಳು. ಯಮನೂರ ಹೂಂ, ಹೌದ್ರಿ ಎಂಬುದಕ್ಕಿಂತ ಹೆಚ್ಚು ಆಡಲಿಲ್ಲ. ಆದರೆ ಫೋನ್ ಇಡಲೂ ಇಲ್ಲ.

ವಾಪಸು ಬರುತ್ತ ಠಾಣೆಯಲ್ಲಿ ಅರ್ಜಿ ಕೊಟ್ಟರು. ಅಲ್ಲಿದ್ದ ಪೇದೆ, ಸಾಲ ತಗೊಂಡ ಮೇಲೆ ಇದೆಲ್ಲ ಇದ್ದದ್ದೇ ಎಂದ. ನಂದಾ ಹೊರಗೆ ಹೋಗದೆ ಅಲ್ಲೇ ನಿಂತಳು. ಕೊನೆಗೆ ಅವನು ಅರ್ಜಿ ತಲುಪಿತೆಂದು ನಕಲಿನ ಮೇಲೆ ಠಾಣೆಯ ಶಿಕ್ಕಾ ಹೊಡೆದುಕೊಟ್ಟ.

ಎರಡು ದಿನ ಬಿಟ್ಟು ಪಾಂಡು ಮತ್ತೆ ಬಂದ, ಅದೇ ಬೆಳಗಿನ ಮಬ್ಬಿನಲ್ಲಿ. ನಂದಾ ಗಂಡನನ್ನು ಒಳಗೇ ಇರಲು ಹೇಳಿ ತಾನು ಹೊರಗೆ ಬಂದಳು.

“ನಿಮ್ಮ ಕಾರ್ಡ್ ತೋರಸ್ರಿ,” ಎಂದಳು. “ಕಂಪನಿ ಕೊಟ್ಟ ಪತ್ರಾನೂ ತೋರಸ್ರಿ. ಎಂಟರ ಒಳಗ ಬರಾಕ ನಿಮಗ ಅಧಿಕಾರ ಇಲ್ಲ.”

ಪಾಂಡು ನಕ್ಕು, ಕಾನೂನು ಕಲಿತೆಯಾ ಎಂದು ಕೆಟ್ಟ ಮಾತೊಂದನ್ನು ಸೇರಿಸಿದ. ನಂದಾ ಪೊಲೀಸರ ನಂಬರು ಒಂದು ಒಂದು ಎರಡು ಒತ್ತಿದಳು. ಮೊದಲ ಸಲ ತಪ್ಪಿತು, ಮತ್ತೆ ಒತ್ತಿದಳು. ಪಾಂಡು ಅವಳ ಕೈಯಿಂದ ಫೋನ್ ಕಸಿಯಲು ಮುಂದೆ ಬಂದ. ಆಗ ನಳದ ಪಾಳಿಯಿಂದ ದೇವಿಬಾಯಿ ಕೊಡ ಕೆಳಗಿಟ್ಟು ಬಂದು ನಂದಾಳ ಪಕ್ಕದಲ್ಲಿ ನಿಂತು, ತನ್ನ ಫೋನನ್ನು ಅವನ ಮುಖಕ್ಕೆ ಹಿಡಿದು ವಿಡಿಯೋ ಮಾಡತೊಡಗಿದಳು. “ಅವತ್ತು ಅಂದ ಮಾತ ಇವತ್ತೂ ಅನ್ನು,” ಎಂದಳು. “ಅವತ್ತು ಸುಮ್ನಿದ್ವಿ, ತಪ್ಪಾತು.” ಬೇರೆಯವರೂ ಪಾಳಿ ಬಿಟ್ಟು ಬಂದರು. ಪಾಂಡು ಬೈಕು ಹತ್ತಿದ. ಪೊಲೀಸರು ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಆದರೆ ಈ ಸಲ ಬಂದವರು ವಿಡಿಯೋ ನೋಡಿದರು, ಬೈಕಿನ ನಂಬರು ಬರೆದುಕೊಂಡರು, ಶಿಕ್ಕಾ ಬಿದ್ದ ನಕಲನ್ನೂ ಓದಿದರು.

ಪಾಂಡುವಿನ ಹತ್ತಿರ ಕಂಪನಿಯ ಪತ್ರ ಇರಲೇ ಇಲ್ಲವೆಂಬುದು ಠಾಣೆಗೆ ಕರೆಸಿದಾಗ ಗೊತ್ತಾಯಿತು. ಅವನು ನಮ್ಮ ನೌಕರನಲ್ಲ, ಏಜೆನ್ಸಿಯವನು ಎಂದು ಕಂಪನಿ ಜಾರಿಕೊಳ್ಳಲು ನೋಡಿತು. ನೀವು ಕಳಿಸಿದವನು ಮಾಡಿದ್ದಕ್ಕೆ ನೀವೇ ಹೊಣೆ ಎಂದು ಕೀರ್ತಿ ಮತ್ತೊಂದು ಪತ್ರ ಹಾಕಿದಳು. ಆ ನಡುವಿನ ವಾರಗಳು ನಂದಾಳಿಗೆ ಸುಲಭವಾಗಿರಲಿಲ್ಲ. ಓಣಿಯಲ್ಲಿ ಯಾವ ಬೈಕು ಬಂದರೂ ಕೈಯೊಳಗಿನ ಕೆಲಸ ನಿಲ್ಲುತ್ತಿತ್ತು. ಯಮನೂರನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಭುಜದ ಡಾಕ್ಟರಷ್ಟೇ ಅಲ್ಲದೆ ಮನಸ್ಸಿನ ಡಾಕ್ಟರನ್ನೂ ಕಂಡರು. ಅವನು ಸ್ವಲ್ಪ ಸ್ವಲ್ಪ ಮಾತಾಡತೊಡಗಿದ. ಕೆಲವು ದಿನ ಮತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅಂಥ ದಿನ ನಂದಾ ಸೀದಾ ಕೇಳುತ್ತಿದ್ದಳು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ.

ಕಡೆಗೆ ಕಂಪನಿಯ ವಾಸ್ಕೋ ಕಚೇರಿಯಿಂದ ಕರೆ ಬಂತು. ಕೀರ್ತಿಯೂ ಜೊತೆಗೆ ಬಂದಳು. ದಂಡದ ಬಡ್ಡಿ ಬಿಟ್ಟರು, ಕಂತನ್ನು ಇಳಿಸಿ ಅವಧಿ ಹೆಚ್ಚು ಮಾಡಿದರು, ಇನ್ನು ಮನೆಗೆ ಯಾರೂ ಬರುವುದಿಲ್ಲ ಎಂದು ಬರೆದುಕೊಟ್ಟರು. ದಾನಪ್ಪನವರು ಯಮನೂರನಿಗೆ ತಮ್ಮ ಗೋದಾಮಿನಲ್ಲಿ ಸರಕು ಬರುವುದು ಹೋಗುವುದನ್ನು ನೋಡಿಕೊಳ್ಳುವ ಕೆಲಸ ಕೊಡುತ್ತೇನೆಂದಿದ್ದರು. ಭಾರ ಎತ್ತುವುದೇನಿಲ್ಲ.

ಕಚೇರಿಯಿಂದ ಹೊರಗೆ ಬಂದು ಕೀರ್ತಿಯನ್ನು ಕಳಿಸಿದ ಮೇಲೆ ಯಮನೂರ, ಬೈಣಾಕ್ಕೆ ಹೋಗಿ ಸಮುದ್ರ ನೋಡಿಕೊಂಡು ಬರೋಣ ಎಂದ. ಇಷ್ಟು ವರ್ಷದಲ್ಲಿ ಅವನು ಅಂಥ ಮಾತು ಆಡಿದವನಲ್ಲ. ನಂದಾಳಿಗೆ ಅವನು ಬಂದರಿನ ಗೇಟಿನ ಹತ್ತಿರ ಹೇಳಿದ್ದು ನೆನಪಾಯಿತು. ಅವನ ಮುಖವನ್ನೇ ನೋಡಿದಳು. ಅವನಿಗೆ ಅದು ತಿಳಿಯಿತು.

“ಗಾಳಿ ತಗೋಳಾಕ ಅಷ್ಟ,” ಎಂದ. “ನೀ ಜೋಡಿಗೆ ಇರ್ತೀ ಅಲ್ಲ.”

ಅವರು ಮರಳಿನಲ್ಲಿ ನಡೆದು ನೀರಿನಿಂದ ದೂರದಲ್ಲೇ ಕೂತರು. ಹುಡುಗರು ಚೆಂಡಾಡುತ್ತಿದ್ದರು, ದೂರದಲ್ಲಿ ಒಂದು ಹಡಗು ನಿಂತಿತ್ತು. ನಾಲ್ಕು ಜನ ನೋಡುವ ಕಡೆ ಗಂಡನ ಕೈ ಹಿಡಿದು ಕೂತದ್ದು ನಂದಾಳಿಗೆ ಅದೇ ಮೊದಲು. ನಾಚಿಕೆಯಾದರೂ ಅವಳು ಬಿಡಲಿಲ್ಲ.